ಐದನೇ ನಿಮಿಷದ ತನಕ ತಾಳಿ

ಕೊಂಡಾಪುರದಲ್ಲಿ ಬೇರೆ ಯಾವುದಕ್ಕೆ ಬರ ಬಂದರೂ ಸದ್ದಿಗೆ ಬರವಿಲ್ಲ. ಬೇಸಿಗೆಯಲ್ಲಿ ನೀರಿಗೆ ಬರ ಬಿದ್ದರೆ ಟ್ಯಾಂಕರ್ ಬರುತ್ತದೆ, ಅದರ ಹಿಂದೆಯೇ ಮೋಟಾರಿನ ಗುರುಗುಟ್ಟುವಿಕೆಯೂ ಬರುತ್ತದೆ. ಹೈದರಾಬಾದಿನ ಈ ಪಡುವಣ ಅಂಚು ಕೂತಿರುವುದೇ ಗ್ರಾನೈಟ್ ಬಂಡೆಯ ಮೇಲೆ. ಹೊಸ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯಲು ಮಣ್ಣು ಅಗೆದರೆ ಸಾಲದು, ಬಂಡೆ ಒಡೆಯಬೇಕು. ಬೆಳಿಗ್ಗೆ ಬ್ರೇಕರ್ ಯಂತ್ರ, ಮಧ್ಯಾಹ್ನ ಕಾಂಕ್ರೀಟ್ ಮಿಕ್ಸರ್, ಸಂಜೆ ಕೊತ್ತಗೂಡ ಜಂಕ್ಷನ್ನಿನ ಹಾರ್ನು, ರಾತ್ರಿ ಯಾರದೋ ಮದುವೆಯ ಬರಾತು. 2023ರ ಹೊಸ ವರ್ಷದ ದಿನ ಕೊತ್ತಗೂಡದ ಫ್ಲೈಓವರ್ ತೆರೆದಾಗ ಇನ್ನಾದರೂ ಸದ್ದು ತಗ್ಗೀತು ಎಂದುಕೊಂಡೆವು. ಕೆಳಗಿದ್ದ ಹಾರ್ನು ಮೇಲಕ್ಕೂ ಹತ್ತಿತು, ಅಷ್ಟೇ. ಸುತ್ತಮುತ್ತ ನಿಶ್ಶಬ್ದವಾಗಿರುವ ಜಾಗವೆಂದರೆ ಬೊಟಾನಿಕಲ್ ಗಾರ್ಡನ್ ಒಂದೇ. ಆದರೆ ಅಲ್ಲಿ ಬೆಳಗಿನ ವಾಕಿಂಗಿಗೆ ಬರುವವರೆಲ್ಲ ಕಿವಿಗೆ ಏನಾದರೊಂದು ಸಿಕ್ಕಿಸಿಕೊಂಡೇ ಬರುತ್ತಾರೆ. ನಿಶ್ಶಬ್ದ ಸಿಕ್ಕರೂ ಅದನ್ನು ಹಾಗೇ ಬಿಡುವ ಜನ ನಾವಲ್ಲ.

ಹೀಗಾಗಿ ಇಲ್ಲಿ ಹೆಡ್‌ಫೋನ್ ಶೋಕಿಯಲ್ಲ, ಕೊಡೆ ಚಪ್ಪಲಿಗಳ ಸಾಲಿಗೆ ಸೇರಿದ ಪದಾರ್ಥ. ಸದ್ದನ್ನು ಸದ್ದಿನಿಂದಲೇ ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿನ ಯೋಚನೆ ಅಮರ್ ಬೋಸ್ ಅವರಿಗೆ ಹೊಳೆದದ್ದು 1978ರಲ್ಲಿ, ಜ್ಯೂರಿಚ್‌ನಿಂದ ಮರಳುವ ವಿಮಾನದಲ್ಲಿ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರನ ಮಗ ಆತ. ವಿಮಾನದ ಎಂಜಿನ್ನಿನಂತೆ ಒಂದೇ ಸಮ ಮೊರೆಯುವ ತಗ್ಗು ದನಿಯನ್ನು ಈ ತಂತ್ರ ಚೆನ್ನಾಗಿ ನುಂಗುತ್ತದೆ. ಜನರೇಟರ್, ಎಸಿ, ಮೆಟ್ರೋ ಇವೆಲ್ಲ ಮಾಯವಾಗುತ್ತವೆ. ಹಾರ್ನು, ಕುಕ್ಕರಿನ ಸೀಟಿ, ಪಕ್ಕದ ಮನೆಯ ಜಗಳ ಮಾತ್ರ ಹಾಗೇ ಉಳಿಯುತ್ತವೆ. ವಿಮಾನದಲ್ಲಿ ಕೂತು ಯೋಚಿಸಿದವರಿಗೆ ಕುಕ್ಕರ್ ನೆನಪಾಗದಿರುವುದು ಸಹಜವೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೆಡ್‌ಫೋನ್ ಹುಚ್ಚಿನವರದೊಂದು ಸಣ್ಣ ಬಳಗವಿದೆ. ಮೇಲಿನ ಮಹಡಿಯ ವಿಜಯವಾಡದ ಗೆಳೆಯ, ಎದುರು ಬ್ಲಾಕಿನ ಕೇರಳದ ಹುಡುಗ, ಪುಣೆಯಿಂದ ವರ್ಗವಾಗಿ ಬಂದ ಒಬ್ಬರು, ಕಲಬುರಗಿ ಕಡೆಯ ನಾನು. ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಮನೆಯವರ ಪಾಲಿಗೆ ಅದು ವೈರುಗಳ ಸಂತೆ. ಡ್ಯಾಕ್, ಆಂಪ್, ಕಿವಿಯೊಳಗೆ ಸಿಕ್ಕಿಸುವ ಚೀನಾದ ಐಇಎಂ, ತೆರೆದ ಬೆನ್ನಿನ ಹೆಡ್‌ಫೋನು, ಡಬ್ಬಿಗಟ್ಟಲೆ ಇಯರ್‌ಟಿಪ್ಪು ಟೀಪಾಯಿಯ ಮೇಲೆ ಹರಡಿಕೊಳ್ಳುತ್ತವೆ. ಮಾತೂ ಹಾಗೆಯೇ. ಒಬ್ಬ ಸೌಂಡ್‌ಸ್ಟೇಜ್ ಅಗಲವಾಗಿದೆ ಅನ್ನುತ್ತಾನೆ, ಇನ್ನೊಬ್ಬ ಮಿಡ್ಸ್ ಹಿಂದೆ ಸರಿದಿವೆ ಅನ್ನುತ್ತಾನೆ. ಹೊಸ ಹೆಡ್‌ಫೋನನ್ನು ನೂರು ಗಂಟೆ ಓಡಿಸಿ ಪಳಗಿಸಿದರೇ ಅಸಲು ದನಿ ಹೊರಬರುವುದು ಎಂದು ನಂಬಿದವರೂ ಇದ್ದಾರೆ. ಪಳಗುವುದು ಹೆಡ್‌ಫೋನೋ ಕಿವಿಯೋ ಎಂದು ಕೇಳಿದರೆ ಚಹಾ ಬರುವವರೆಗೆ ಮೌನ.

ಈ ಬಳಗಕ್ಕೊಂದು ಶಾಸ್ತ್ರವಿದೆ. ಯಾವ ಹೆಡ್‌ಫೋನ್ ಬಂದರೂ ಮೊದಲು ಕೇಳಿಸುವುದು ಈಗಲ್ಸ್ ತಂಡ 1994ರಲ್ಲಿ ನೇರವಾಗಿ ನುಡಿಸಿದ ‘ಹೋಟೆಲ್ ಕ್ಯಾಲಿಫೋರ್ನಿಯಾ’. ಜಗತ್ತಿನ ಆಡಿಯೊ ಅಂಗಡಿಗಳಲ್ಲೆಲ್ಲ ಅದೇ ಪದ್ಧತಿ. ಗಿಟಾರಿನ ತಂತಿ, ಜನರ ಚಪ್ಪಾಳೆ, ಡ್ರಮ್ಮಿನ ಮೊದಲ ಪೆಟ್ಟು ಇಷ್ಟಾದ ಮೇಲೆ ಹಾಡನ್ನು ನಿಲ್ಲಿಸಿಬಿಡುತ್ತಾರೆ. ಆಮೇಲೆ ರೆಹಮಾನರ ಹಾಡಿನ ಅರ್ಧ ಪಲ್ಲವಿ, ಆಮೇಲೆ ಯಾವುದೋ ಜಾಝ್ ಗಾಯಕಿಯ ಒಂದು ಉಸಿರು. ಪೂರ್ತಿ ಹಾಡು ಕೇಳುವವರೇ ಇಲ್ಲ. ಇಂಥ ಕಡೆ ನಾನು ಟ್ರಾನ್ಸ್ ತಂದೆ. ಎಂಟು ನಿಮಿಷದ ಹಾಡು, ಮೊದಲೊಂದು ನಿಮಿಷ ಬರೀ ಡ್ರಮ್ಮು. ಕೇರಳದ ಹುಡುಗ ಮೂವತ್ತು ಸೆಕೆಂಡಿಗೆ ಹೆಡ್‌ಫೋನ್ ಕಳಚಿ, “ಭಾಯ್, ಹಾಡು ಲೋಡ್ ಆಗ್ತಿದೆಯಾ?” ಎಂದ.

ಟ್ರಾನ್ಸ್ ಎಂದರೆ ಕಾಯಿಸುವ ಸಂಗೀತ. 1990ರ ದಶಕದ ಆರಂಭದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್, ಬರ್ಲಿನ್‌ಗಳ ಕ್ಲಬ್ಬುಗಳಲ್ಲಿ ಇದು ಮೈತಳೆಯಿತು. ನಿಮಿಷಕ್ಕೆ ಸುಮಾರು 138 ಬಡಿತ, ನಾಲ್ಕು ನಾಲ್ಕರ ನೇರ ಲೆಕ್ಕ. ನಾಲ್ಕು ಬಡಿತಕ್ಕೊಂದು ಆವರ್ತ; ಅಂಥ ಮೂವತ್ತೆರಡು ಆವರ್ತ ಮುಗಿಯಲು ಒಂದು ನಿಮಿಷಕ್ಕೆ ತುಸು ಕಡಿಮೆ ಹಿಡಿಯುತ್ತದೆ. ಪ್ರತಿ ಸುತ್ತಿಗೂ ಒಂದೊಂದೇ ಎಳೆ ಸೇರುತ್ತ ಹೋಗುತ್ತದೆ: ಮೊದಲು ಕಿಕ್ ಡ್ರಮ್, ಆಮೇಲೆ ಹೈ-ಹ್ಯಾಟ್, ಆಮೇಲೆ ಬೇಸ್, ಆಮೇಲೆ ದೂರದಲ್ಲೆಲ್ಲೋ ಒಂದು ಸ್ವರದ ನೆರಳು. ನಡುವಿನಲ್ಲಿ ಡ್ರಮ್ಮು ಹಠಾತ್ತನೆ ನಿಂತು, ಆವರೆಗೆ ತುಣುಕು ತುಣುಕಾಗಿ ಕೇಳಿದ್ದ ರಾಗ ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಅದು ಏರಿ ಏರಿ, ಇನ್ನು ಏರಲು ಜಾಗವೇ ಇಲ್ಲ ಅನ್ನುವಾಗ ಡ್ರಮ್ಮು ಮರಳಿ ಬೀಳುತ್ತದೆ. ಇದು ನಡೆಯುವುದು ಬಹಳ ಸಲ ಐದನೇ ನಿಮಿಷದ ಆಸುಪಾಸಿನಲ್ಲಿ. ಮೂವತ್ತು ಸೆಕೆಂಡಿಗೆ ಎದ್ದು ಹೋದವರು ಊಟದ ಮನೆಯಲ್ಲಿ ಎಲೆ ಹಾಕುವುದನ್ನಷ್ಟೇ ನೋಡಿ ಹೋದ ಹಾಗೆ.

ಹೆಡ್‌ಫೋನ್ ಪರೀಕ್ಷೆಗೂ ಇದಕ್ಕಿಂತ ಒಳ್ಳೆಯ ಸಂಗೀತವಿಲ್ಲ ಎಂದು ನಾನು ವಾದಿಸುತ್ತೇನೆ. ಗಿಟಾರಿನ ನಿಜದನಿ ಹೇಗಿರುತ್ತದೆಂದು ನಮಗೆ ಗೊತ್ತಿರುವುದರಿಂದ ಅಲ್ಲಿ ಕಿವಿ ತಾನೇ ಊಹಿಸಿ ತುಂಬಿಕೊಂಡುಬಿಡುತ್ತದೆ. ಸಿಂಥಸೈಸರಿನ ದನಿಗೆ ಹಾಗೆ ಊಹಿಸಲು ಆಧಾರವಿಲ್ಲ. ಹೆಡ್‌ಫೋನ್ ಕೊಟ್ಟಷ್ಟೇ ಸಿಗುತ್ತದೆ. ಟ್ರಾನ್ಸಿನ ಕಿಕ್ ಕೂತಿರುವುದು 50 ಹರ್ಟ್ಸ್ ಸುತ್ತಮುತ್ತ. ಮುಂದಿನ ಬಡಿತ ಬರುವುದರೊಳಗೆ ಅದು ಪೂರ್ತಿ ಆರಬೇಕು, ಇಲ್ಲದಿದ್ದರೆ ಕೆಳಗಿನ ಸದ್ದೆಲ್ಲ ಕಲಸಿಹೋಗುತ್ತದೆ. ಮೇಲೆ ಇರುವುದು ಸೂಪರ್‌ಸಾ. 1996ರಲ್ಲಿ ರೋಲ್ಯಾಂಡ್ ಕಂಪನಿ ಜೆಪಿ-8000 ಸಿಂಥಸೈಸರಿನಲ್ಲಿ ತಂದ ದನಿ ಅದು. ಒಂದೇ ಸ್ವರವನ್ನು ಒಂದಕ್ಕೊಂದು ಕೂದಲೆಳೆಯಷ್ಟು ಅಪಶ್ರುತಿಯಲ್ಲಿಟ್ಟು ಏಳು ಪದರವಾಗಿ ಹಾಸುತ್ತದೆ. ಟ್ರೆಬಲ್ ಒರಟಾಗಿರುವ ಹೆಡ್‌ಫೋನಿನಲ್ಲಿ ಅದು ಕಿವಿಯನ್ನು ಕೊರೆಯುತ್ತದೆ. 1997ರಿಂದ ಜಗತ್ತೇ ಹೊಗಳುತ್ತ ಬಂದ ಸೆನ್‌ಹೈಸರ್ ಎಚ್‌ಡಿ 600ರಲ್ಲಿ ಮನುಷ್ಯನ ದನಿ ಬಲು ಸೊಗಸು, ತೀರ ತಗ್ಗಿನ ಬೇಸ್ ಮಾತ್ರ ಸೊರಗುತ್ತದೆ. ಭಾವಗೀತೆಯಲ್ಲಿ ಯಾರಿಗೂ ತಿಳಿಯದ ಈ ಗುಟ್ಟು ಟ್ರಾನ್ಸ್ ಹಾಕಿದ ಒಂದೇ ನಿಮಿಷಕ್ಕೆ ಬಯಲಾಗುತ್ತದೆ. ಐಇಎಂನಲ್ಲಿ ಬೇಸ್ ಇಲ್ಲವೆಂದು ಕೊರಗುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಕೇಬಲ್ ಬದಲಿಸುವ ಮೊದಲು ಟಿಪ್ಪು ಬದಲಿಸಿ. ಕಿವಿಯ ಬಾಯಿ ಸರಿಯಾಗಿ ಮುಚ್ಚದಿದ್ದರೆ ಮೊದಲು ಸೋರಿಹೋಗುವುದು ಬೇಸೇ.

ಇದೆಲ್ಲ ತಂತ್ರಜ್ಞಾನದ ಮಾತಾಯಿತು. ನನ್ನ ಕಿವಿಗೆ ಈ ಕಾಯುವಿಕೆ ಹೊಸದೇನಲ್ಲ. ನಮ್ಮ ಕಡೆ ಊರುಗಳಲ್ಲಿ ಶ್ರಾವಣದಲ್ಲಿ ಸಪ್ತಾಹವೆಂದು ಏಳು ದಿನ ಹಗಲಿರುಳು ಗುಡಿಯಲ್ಲಿ ಭಜನೆ ನಿಲ್ಲಬಾರದು. ಸರದಿಯ ಮೇಲೆ ಜನ ಬರುತ್ತಾರೆ, ಹೋಗುತ್ತಾರೆ. ತಾಳ ಮಾತ್ರ ಕೈಯಿಂದ ಕೈಗೆ ದಾಟುತ್ತದೆ. ಸಂಜೆಯ ಭಜನೆಯಲ್ಲಿ ಪದಗಳಿರುತ್ತವೆ, ಅರ್ಥವಿರುತ್ತದೆ, ತಪ್ಪು ಹಾಡಿದವನನ್ನು ಗದರುವ ಹಿರಿಯರಿರುತ್ತಾರೆ. ನಡುರಾತ್ರಿ ದಾಟಿದ ಮೇಲೆ ಪದಗಳು ಸವೆದು ಒಂದೇ ನಾಮ ಉಳಿಯುತ್ತದೆ. ಯಾರು ಶುರುಮಾಡಿದರೆಂದು ತಿಳಿಯದೆಯೇ ಲಯ ಏರುತ್ತದೆ. ತೂಕಡಿಸುತ್ತಿದ್ದವನ ಕೈಯೂ ತಾಳ ತಪ್ಪುವುದಿಲ್ಲ. ಅದನ್ನು ಕಂಡವನಿಗೆ ಫ್ರಾಂಕ್‌ಫರ್ಟಿನ ಹುಡುಗರು ಮುಂಜಾವದವರೆಗೆ ಒಂದೇ ಬಡಿತಕ್ಕೆ ಯಾಕೆ ಕುಣಿದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟೇಕೆ, ಆಷಾಢದ ಬೋನಾಲು ಹಬ್ಬದಲ್ಲಿ ಇದೇ ಹೈದರಾಬಾದಿನ ಬೀದಿಗಳಲ್ಲಿ ಡಪ್ಪಿನ ಪೆಟ್ಟು ಬಿಗಿಯಾದಂತೆ ಹೆಂಗಸರಿಗೆ ಮೈಮೇಲೆ ಬರುತ್ತದೆ, ಪೋತರಾಜು ಚಾಟಿ ಬೀಸುತ್ತ ಕುಣಿಯುತ್ತಾನೆ. ಟ್ರಾನ್ಸ್ ಬೇಕಾದವರು ಟಿಕೆಟ್ ಕೊಳ್ಳಬೇಕೆಂದೇನಿಲ್ಲ.

ಕುತೂಹಲದ ಸಂಗತಿಯೆಂದರೆ, ಇಷ್ಟೊಂದು ಜನರನ್ನು ಕುಣಿಸಿದ ಯಂತ್ರ ಹುಟ್ಟಿದ್ದು ಒಂಟಿಯಾಗಿ ಅಭ್ಯಾಸ ಮಾಡುವವನ ಸಲುವಾಗಿ. ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ತಂದಿತು. ಜೊತೆಗೆ ಬೇಸ್ ಗಿಟಾರ್ ನುಡಿಸುವವರು ಸಿಗದ ವಾದಕನಿಗೆ ಅದು ಸಾಥ್ ಕೊಡಬೇಕೆಂಬುದು ಉದ್ದೇಶ. ದನಿ ಬೇಸ್ ಗಿಟಾರಿನ ಹಾಗಿರಲಿಲ್ಲ, ಕೊಳ್ಳುವವರೂ ಹೆಚ್ಚಿರಲಿಲ್ಲ. 1984ಕ್ಕೆ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಬಿದ್ದ ಆ ಪೆಟ್ಟಿಗೆಯನ್ನು ಶಿಕಾಗೋದ ಹುಡುಗರು ಅಗ್ಗಕ್ಕೆ ಕೊಂಡು, ಗುಬುಟು ತಿರುವಿ ತಿರುವಿ ವಿಚಿತ್ರ ದನಿ ಹೊರಡಿಸಿದರು. 1987ರ ‘ಆಸಿಡ್ ಟ್ರ್ಯಾಕ್ಸ್’ ಹಾಗೆ ಹುಟ್ಟಿತು. ಟ್ರಾನ್ಸಿನ ವಂಶಾವಳಿಯಲ್ಲಿ ಅದು ಅಜ್ಜನ ಸ್ಥಾನದ್ದು.

ಆದರೆ ಅಜ್ಜನಿಗಿಂತ ಮೊದಲೇ ಮುಂಬೈಯಲ್ಲಿ ಒಬ್ಬರು ಅದೇ ಪೆಟ್ಟಿಗೆಯಲ್ಲಿ ರಾಗ ನುಡಿಸಿದ್ದರು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂರಿಸಿ ಒಂದು ಎಲ್‌ಪಿ ತಂದರು. ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯ ಆ ಯಂತ್ರದಲ್ಲಿತ್ತು. ಜಪಾನಿನ ಎಂಜಿನಿಯರ್ ಗಿಟಾರಿಗೆಂದು ಇಟ್ಟಿದ್ದ ಜಾರುವಿಕೆ ಇವರ ಕೈಯಲ್ಲಿ ಮೀಂಡ್ ಆಯಿತು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ಬೆರಗಾದರು, ಎಪ್ಪತ್ತು ದಾಟಿದ ಚರಣ್‌ಜಿತ್ ಅಲ್ಲಿಗೆ ಹೋಗಿ ನುಡಿಸಿಯೂ ಬಂದರು, 2015ರಲ್ಲಿ ತೀರಿಕೊಂಡರು. ನಮ್ಮ ಬಳಗದಲ್ಲಿ ಎಲೆಕ್ಟ್ರಾನಿಕ್ ಸಂಗೀತವನ್ನು ವಿದೇಶಿ ಗದ್ದಲವೆಂದು ಯಾರಾದರೂ ಮೂಗು ಮುರಿದರೆ ನಾನು ಕೇಳಿಸುವುದು ಇವರ ಭೈರವ್.

ಇನ್ನೂ ಮೂಗು ಮುರಿದರೆ ಬೆಂಗಳೂರಿನ ಕಥೆ ಹೇಳುತ್ತೇನೆ. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಪೆಟ್ಟಿಗೆ ಇಂದು ಸಂಗೀತ ಕಲಿಯುವ ಮಕ್ಕಳಿರುವ ಎಷ್ಟೋ ಮನೆಗಳ ದೇವರ ಕೋಣೆ ಪಕ್ಕದಲ್ಲಿ ಕೂತಿದೆ. ತಂಬೂರಿ ಮೀಟುವವರು ಸಿಗದ ಒಂಟಿ ಗಾಯಕನಿಗೆ ಸಾಥಿ ಅದು. ಯಾರೂ ಅದನ್ನು ಎಲೆಕ್ಟ್ರಾನಿಕ್ ಸಂಗೀತ ಎಂದು ಗೊಣಗಿದ್ದನ್ನು ನಾನು ಕೇಳಿಲ್ಲ. ಶಿಕಾಗೋದಲ್ಲಿ ‘ಆಸಿಡ್ ಟ್ರ್ಯಾಕ್ಸ್’ ಬಂದ 1987ರಲ್ಲೇ ಕನ್ನಡದಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ ಬಂತು. ಆ ಸಿಂಥಸೈಸರಿನ ಸದ್ದು ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಿಂದ ಜಾತ್ರೆಯ ಜೋಕಾಲಿಯವರೆಗೆ ಹಬ್ಬಿತು. ನಮ್ಮ ಕಿವಿಗೆ ಯಂತ್ರದ ರುಚಿ ಹತ್ತಿ ಆಗಲೇ ಬಹಳ ಕಾಲವಾಗಿದೆ.

ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ ಅದೇ 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ತಂದಿತು. ಆ ಮೊದಲ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ಜ್ಯಾಕ್ ಇದ್ದವು, ಇಬ್ಬರೂ ಮಾತಾಡಿಕೊಳ್ಳಲು ಕಿತ್ತಳೆ ಬಣ್ಣದ ಒಂದು ಗುಂಡಿಯೂ ಇತ್ತು. ಪಕ್ಕದಲ್ಲಿ ಜನರಿರುವಾಗ ಒಬ್ಬನೇ ಕೇಳುವುದು ಒರಟುತನವೆಂದು ಕಂಪನಿಯ ಯಜಮಾನ ಅಕಿಯೊ ಮೊರಿಟಾ ಅವರಿಗೆ ಅನ್ನಿಸಿತ್ತು. ಜನರಿಗೆ ಹಾಗನ್ನಿಸಲಿಲ್ಲ. ಎರಡನೆಯ ಜ್ಯಾಕು ಮುಂದಿನ ಮಾದರಿಗಳಲ್ಲಿ ಮಾಯವಾಯಿತು. ಈಗಿನ ಫೋನುಗಳಲ್ಲಿ ಮೊದಲನೆಯದೂ ಮಾಯವಾಗುತ್ತಿದೆ.

ಹಾಡು ಶಿಫಾರಸು ಮಾಡುವ ನಮ್ಮ ಚಟಕ್ಕೆ ಬುಡ ಈ ಒಂಟಿ ಕೇಳುವಿಕೆಯಲ್ಲಿದೆ ಎಂದು ನನ್ನ ಗುಮಾನಿ. ಟ್ರಾನ್ಸ್ ಮಾಡಿದ್ದು ಸಾವಿರ ಜನರಿಗಾಗಿ. ಆಳೆತ್ತರದ ಸ್ಪೀಕರಿನ ಕಿಕ್ ಎದೆಗೂಡಿಗೆ ಬಡಿಯಬೇಕು, ಪಕ್ಕದವನ ಬೆವರು ತಾಗಬೇಕು. ಗೋವಾದ ಅಂಜುನಾದಲ್ಲಿ, ಗೋಕರ್ಣದ ದಂಡೆಗಳಲ್ಲಿ, ಹಂಪಿಯ ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಒಂದು ಕಾಲಕ್ಕೆ ಹಾಗೆಯೇ ಕೇಳಿದರು. ನಾವು ಕೊಂಡಾಪುರದ ಹತ್ತನೇ ಮಹಡಿಯಲ್ಲಿ, ಹೆಂಡತಿ ಮಕ್ಕಳು ಮಲಗಿದ ಮೇಲೆ, ಮಿಸುಕಾಡದೆ ಕೂತು ಕೇಳುತ್ತೇವೆ. ಹೆಡ್‌ಫೋನಿಗೆ ಎಷ್ಟೇ ಲಕ್ಷ ಸುರಿದರೂ ಎದೆಗೆ ಪೆಟ್ಟು ಬೀಳುವುದಿಲ್ಲ, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ಕೊರತೆ ತುಂಬಿಕೊಳ್ಳಲೆಂದೇ ಮರುದಿನ ಲಿಫ್ಟಿನಲ್ಲಿ ಸಿಕ್ಕವರ ಹತ್ತಿರ, “ಒಂದು ಹಾಡು ಕಳಿಸ್ತೀನಿ, ಕೇಳಿ” ಅನ್ನುತ್ತೇವೆ. ಗುಂಪಿನ ಸಂಗೀತಕ್ಕೆ ಒಬ್ಬೊಬ್ಬರನ್ನೇ ಹಿಡಿದು ತಂದು ಗುಂಪು ಕಟ್ಟುವ ಕೆಲಸ ಇದು.

ಕಟ್ಟುವುದಕ್ಕೂ ಹದ ಬೇಕು. ಮೊದಲ ನಿಯಮ, ಹಾಡನ್ನು ಹೆಡ್‌ಫೋನ್ ನೋಡಿ ಹೇಳಬಾರದು, ಆಸಾಮಿಯನ್ನು ನೋಡಿ ಹೇಳಬೇಕು. ರಾತ್ರಿ ಪಾಳಿ ಮುಗಿಸಿ ಗಚ್ಚಿಬೌಲಿಯಿಂದ ಕಾರು ಓಡಿಸಿಕೊಂಡು ಬರುವವರಿಗೆ ನಾನು ಹೇಳುವುದು ರಾಬರ್ಟ್ ಮೈಲ್ಸ್ ಅವರ 1995ರ ‘ಚಿಲ್ಡ್ರನ್’. ಕ್ಲಬ್ಬಿನಿಂದ ಅಮಲಿನಲ್ಲಿ ಮರಳುತ್ತಿದ್ದ ಇಟಲಿಯ ಹುಡುಗರು ಅಪಘಾತದಲ್ಲಿ ಸಾಯುವುದನ್ನು ಕಂಡು, ರಾತ್ರಿಯ ಕೊನೆಗೆ ಮನಸ್ಸು ಇಳಿಸಲಿ ಎಂದೇ ಆತ ಮಾಡಿದ ಪಿಯಾನೊ ಹಾಡು ಅದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿದವರಿಗೆ ಸ್ಯಾಮುಯೆಲ್ ಬಾರ್ಬರ್ ಅವರ ‘ಅಡಾಜಿಯೊ’ವನ್ನು ಟಿಯೆಸ್ಟೊ ಟ್ರಾನ್ಸಿಗೆ ಒಗ್ಗಿಸಿದ್ದು. ಕೋಡ್ ಬರೆಯುವವರಿಗೆ ಮಾತಿಲ್ಲದ ಯಾವುದಾದರೂ ಸರಿ. ಹಾಡಿನಲ್ಲಿ ಮಾತಿದ್ದರೆ ಓದುತ್ತಿರುವ ಸಾಲಿಗೆ ಅಡ್ಡ ಬರುತ್ತದೆ, ಬರೀ ಬಡಿತ ಬೆನ್ನು ತಟ್ಟುತ್ತದೆ. ಹುಮನಾಬಾದ್, ಜಹೀರಾಬಾದ್ ದಾಟಿ ಊರಿಂದ ಬಸ್ಸಿನಲ್ಲಿ ಬರುವವರಿಗೆ ಆರ್ಮಿನ್ ವಾನ್ ಬ್ಯೂರೆನ್ 2001ರಿಂದ ನಡೆಸುತ್ತಿರುವ ಎರಡೆರಡು ಗಂಟೆಯ ರೇಡಿಯೊ ಕಾರ್ಯಕ್ರಮ. ಮೂಲಕ್ಕೇ ಹೋಗುವ ಹಟದವರಿಗೆ ಕ್ರಾಫ್ಟ್‌ವೆರ್ಕ್ ತಂಡದ 1977ರ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’. ಇದು ಟ್ರಾನ್ಸ್ ಅಲ್ಲ, ರೈಲು. ಆದರೆ ಹಳಿ ಹಾಕಿದ್ದು ಇವರೇ.

ಎರಡನೆಯ ನಿಯಮ, ಹಾಡಿನ ಜೊತೆ ನಿಮಿಷವನ್ನೂ ಹೇಳಬೇಕು. ಎಲ್ಲಿಯವರೆಗೆ ತಾಳಿಕೊಳ್ಳಬೇಕೆಂದು ಗೊತ್ತಿದ್ದರೆ ಮನುಷ್ಯ ತಾಳುತ್ತಾನೆ. ಮೂರನೆಯದು, ಕೇಳುವವರ ಮುಖವನ್ನೇ ದಿಟ್ಟಿಸುತ್ತ ಕೂರಬಾರದು. ಬೇರೆಯವರ ಎದುರು ಆನಂದಪಡುವುದು ಸಂಕೋಚದ ಕೆಲಸ. ಬಾಲ್ಕನಿಗೆ ಹೋಗಿ ಬಟ್ಟೆ ತೆಗೆಯಿರಿ. ನಾಲ್ಕನೆಯದು, ವಾಲ್ಯೂಮ್ ನೀವು ಏರಿಸಬೇಡಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಂದ ಮೂರು ಡೆಸಿಬಲ್ ಏರಿಸಿದರೆ ಅವಧಿ ಅರ್ಧಕ್ಕಿಳಿಯುತ್ತದೆ. ಟ್ರಾನ್ಸ್ ತಾನೇ ಏರುವ ಸಂಗೀತ, ಅದಕ್ಕೆ ನಮ್ಮ ಹೆಬ್ಬೆರಳಿನ ಸಹಾಯ ಬೇಡ.

ಅವ್ವ ಊರಿಂದ ಬಂದಿದ್ದಾಗ ಚರಣ್‌ಜಿತ್ ಸಿಂಗರ ಭೈರವ್ ಕೇಳಿಸಿದೆ. ಸಪ್ತಾಹದಲ್ಲಿ ತಾಳ ಹಿಡಿದು ಕೂತ ಕಿವಿ ಅದು. ಸೆರಗು ಸರಿಮಾಡಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಕಣ್ಣುಮುಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು, “ಭೈರವ ಅದಲ್ಲೋ ಇದು! ಮುಂಜಾನಿ ರಾಗ. ರಾತ್ರಿ ಯಾಕ ಹಚ್ಚೀದಿ?” ಎಂದಳು. ಬೆಳಿಗ್ಗೆ ಬಂಡೆ ಒಡೆಯುತ್ತಿರುತ್ತಾರೆ, ಅದಕ್ಕೆ ಎಂದೆ. ಮತ್ತೆ ಕಣ್ಣುಮುಚ್ಚಿದಳು. ಕೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಕೊನೆಗೆ ಹೆಡ್‌ಫೋನ್ ಕಳಚಿ, “ಭಾಳ ಛಲೋ ಅದ. ಹಾಡೋರು ಯಾವಾಗ ಬರ್ತಾರ?” ಎಂದು ಕೇಳಿದಳು. ನಮ್ಮ ಬಳಗದ ಯಾರೂ ಇಷ್ಟು ಹೊತ್ತು ತಾಳಿರಲಿಲ್ಲ.

ಶಿಫಾರಸಿಗೆ ಎದುರು ಶಿಫಾರಸೂ ಬರುತ್ತದೆ, ಅದನ್ನು ತಲೆಬಾಗಿ ಕೇಳಬೇಕಾದದ್ದು ಐದನೆಯ ನಿಯಮ. ವಿಜಯವಾಡದ ಗೆಳೆಯ ನನ್ನ ಕಾಟಕ್ಕೆ ಪ್ರತಿಯಾಗಿ ಬಾಲಮುರಳಿಕೃಷ್ಣ ಅವರ ತಿಲ್ಲಾನಗಳನ್ನು ಕೇಳಿಸಿದ. ಅಲ್ಲೂ ಅರ್ಥದ ಮಾತು ಕಡಿಮೆ, ಲಯವೇ ಹೆಚ್ಚು. ಗೇಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್, ಮಹಬೂಬ್‌ನಗರದ ಕಡೆಯವನು, ತನ್ನ ಫೋನಿನಲ್ಲಿ ತೀನ್‌ಮಾರ್ ರೀಮಿಕ್ಸ್ ಕೇಳಿಸಿದ. ತೆಲಂಗಾಣದ ಮೆರವಣಿಗೆಯ ಪೆಟ್ಟನ್ನು ಕಂಪ್ಯೂಟರಿಗೆ ಏರಿಸಿ ಡಿಜೆಗಳು ಮಾಡಿದ ಹಾಡು. ಈ ಊರಿನ ಅಸಲು ಎಲೆಕ್ಟ್ರಾನಿಕ್ ಸಂಗೀತ ಅದೇ ಇರಬೇಕು. ಟ್ರಾನ್ಸ್ ನೇರ ನಡೆದರೆ ತೀನ್‌ಮಾರ್ ಸೊಂಟ ತಿರುಗಿಸಿ ನಡೆಯುತ್ತದೆ. ಕೂತು ಕೇಳುವುದು ಕಷ್ಟ. ಪ್ರತಿಯಾಗಿ ಅವನ ಕಿವಿಗೆ ನನ್ನ ಹೆಡ್‌ಫೋನ್ ಹಾಕಿ, ಪಾಲ್ ವಾನ್ ಡೈಕ್ ಅವರ ‘ಫಾರ್ ಆನ್ ಏಂಜೆಲ್’ ಹಚ್ಚಿ, ನಿಯಮದ ಪ್ರಕಾರ ಆಚೆ ತಿರುಗಿ ನಿಂತೆ. ಪೂರ್ತಿ ಕೇಳಿದ. ನಡುವೆ ಬಂದ ಎರಡು ಕಾರುಗಳಿಗೆ ತಲೆ ಆಡಿಸುತ್ತಲೇ ಗೇಟು ತೆರೆದ. ಆಮೇಲೆ ಹೆಡ್‌ಫೋನ್ ಮರಳಿ ಕೊಟ್ಟು ತೀರ್ಪು ಹೇಳಿದ: “ಮಂಚಿಗುಂದಿ ಸಾರ್. ಗನಿ ಜರ ಸ್ಪೀಡ್ ಉಂಡಾಲೆ.” ಚೆನ್ನಾಗಿದೆ, ಆದರೆ ತುಸು ವೇಗ ಬೇಕಿತ್ತಂತೆ. ಯುರೋಪಿನವರು ಮೂವತ್ತು ವರ್ಷದಿಂದ ಏದುಸಿರು ಬಿಡುತ್ತ ಕುಣಿದ ಹಾಡು ನಮ್ಮ ಗೇಟಿನಲ್ಲಿ ನಿಧಾನವಾಯಿತು. ಇವನಿಗಾಗಿ 145ರ ಮೇಲೆ ಓಡುವ ಗೋವಾ ಟ್ರಾನ್ಸ್ ತೆಗೆದಿಟ್ಟಿದ್ದೇನೆ.